ಟೈಪ್ ಸಿ ಇದೆಯಾ?

ಮಲೆನಾಡಿನ ನಮ್ಮ ದೊಡ್ಡಪ್ಪನ ಮನೆಗೆ ಬಂದ ನೆಂಟರಿಗೆ ಮೊದಲು ಬೆಲ್ಲ-ನೀರು, ಆಮೇಲೆ ಎಲೆ-ಅಡಿಕೆಯ ತಟ್ಟೆ. ಕಾಲ ಬದಲಾಗಿದೆ. ಈಗಿನ ನೆಂಟರು ಚಪ್ಪಲಿ ಬಿಡುವಾಗಲೇ ಗೋಡೆಯ ಬುಡ ನೋಡುತ್ತಾರೆ. ಪ್ಲಗ್ ಪಾಯಿಂಟ್ ಕಣ್ಣಿಗೆ ಬಿದ್ದರೆ ಮುಖ ಅರಳುತ್ತದೆ. ಬೆಲ್ಲದ ತುಣುಕು ಬಾಯಿಗೆ ಹೋಗುವ ಮೊದಲೇ ಪ್ರಶ್ನೆ ಹೊರಗೆ ಬರುತ್ತದೆ: “ಟೈಪ್ ಸಿ ಇದೆಯಾ?”

ಇದ್ದೇ ಇರುತ್ತದೆ. ಕಷ್ಟ ಶುರುವಾಗುವುದೂ ಅಲ್ಲಿಂದಲೇ. ಹಿಂದೆ ಒಂದೊಂದು ಕಂಪನಿಯ ಲ್ಯಾಪ್‌ಟಾಪಿಗೆ ಒಂದೊಂದು ಪಿನ್ನು: ಒಂದು ದಪ್ಪ, ಒಂದು ಸಪೂರ, ಇನ್ನೊಂದರ ನಡುವೆ ಸೂಜಿಯಂಥದ್ದು. ಬೇರೆಯವರ ಚಾರ್ಜರ್ ತೂರುತ್ತಲೇ ಇರಲಿಲ್ಲ, ಅಲ್ಲಿಗೆ ಮಾತು ಮುಗಿಯುತ್ತಿತ್ತು. ಈಗ ಕಿವಿಗೆ ಸಿಕ್ಕಿಸುವ ಇಯರ್‌ಬಡ್ಸ್, ಗಡ್ಡ ಕತ್ತರಿಸುವ ಟ್ರಿಮ್ಮರ್, ಫೋನು, ಲ್ಯಾಪ್‌ಟಾಪ್ ಎಲ್ಲಕ್ಕೂ ಒಂದೇ ಬಾಯಿ. ಯಾವುದನ್ನು ಯಾವುದಕ್ಕೆ ಹಾಕಿದರೂ ತೂರುತ್ತದೆ. ತೂರಿದ್ದೆಲ್ಲ ತುಂಬುತ್ತದೆಯೇ ಎಂಬುದು ಬೇರೆ ಪ್ರಶ್ನೆ.

ಹಬ್ಬಕ್ಕೆಂದು ಊರಿಗೆ ಬಂದ ಅಣ್ಣನ ಮಗಳು ತನ್ನ ಚಾರ್ಜರನ್ನು ಬೆಂಗಳೂರಿನಲ್ಲೇ ಬಿಟ್ಟು ಬಂದಿದ್ದಳು. ರಜೆ ಹಬ್ಬದ ದಿನಕ್ಕೆ ಮಾತ್ರ, ಮಾರನೆಯ ದಿನದಿಂದ ಜಗಲಿಯೇ ಆಫೀಸು. ದೊಡ್ಡಪ್ಪನ ಫೋನಿನ ಚಾರ್ಜರ್ ಚುಚ್ಚಿದಳು. ತೆರೆಯ ಮೂಲೆಯಲ್ಲಿ ‘ಸ್ಲೋ ಚಾರ್ಜರ್’ ಎಂಬ ಸೂಚನೆ ಬಂತು. ಮೀಟಿಂಗ್ ನಡೆಯುತ್ತಿದ್ದ ಹಾಗೆ, ವೈರು ಸಿಕ್ಕಿಸಿಕೊಂಡೇ ಇದ್ದರೂ ಬ್ಯಾಟರಿ ಇಳಿಯತೊಡಗಿತು.

“ವೋಲ್ಟೇಜೇ ಇಲ್ಲ ಮಾರಾಯ್ತಿ,” ಎಂದರು ದೊಡ್ಡಪ್ಪ. “ಲೈನ್‌ಮನ್‌ಗೆ ಹೇಳ್ತೇನೆ.”

ಮಲೆನಾಡಿನವರಿಗೆ ವೋಲ್ಟೇಜು ಮಳೆಯಷ್ಟೇ ಹಳೆಯ ವಿಷಯ. ಸಂಜೆ ಸುತ್ತಲಿನ ತೋಟಗಳಲ್ಲಿ ಪಂಪುಗಳು ಶುರುವಾದರೆ ಟ್ಯೂಬ್‌ಲೈಟು ಹತ್ತಲೋ ಬೇಡವೋ ಎಂದು ಕಣ್ಣು ಮಿಟುಕಿಸುತ್ತಿತ್ತು. ಫ್ಯಾನಿನ ರೆಕ್ಕೆ ಎಣಿಸಬಹುದಿತ್ತು. ಮಿಕ್ಸಿ ಗುಂಯ್ ಎಂದು ನರಳಿ, ಕಾಯಿ ಅರ್ಧಂಬರ್ಧ ಅರೆದು ಕೊಡುತ್ತಿತ್ತು. ಫ್ರಿಜ್ಜಿನ ಪಕ್ಕದಲ್ಲಿ ಸ್ಟೆಬಿಲೈಜರ್ ಇಡುವುದು ಅನುಕೂಲಸ್ಥರ ಲಕ್ಷಣವಾಗಿತ್ತು. ಇದನ್ನೆಲ್ಲ ಉಂಡು ಬೆಳೆದವರಿಗೆ ಕೆಟ್ಟ ಯಂತ್ರ ಎಂಬುದು ಇಲ್ಲವೇ ಇಲ್ಲ, ಇರುವುದು ಕೆಟ್ಟ ವೋಲ್ಟೇಜ್ ಮಾತ್ರ.

ಆದರೆ ಈಗಿನ ಅಡಾಪ್ಟರಿಗೆ ಆ ಗೊಡವೆಯಿಲ್ಲ. ಅದರ ಬೆನ್ನ ಮೇಲೆ ಇರುವೆ ಸಾಲಿನಂತಿರುವ ಅಕ್ಷರಗಳಲ್ಲಿ ‘ಇನ್‌ಪುಟ್ 100–240 ವೋಲ್ಟ್’ ಎಂದು ಬರೆದಿರುತ್ತದೆ. ನಮ್ಮ 230 ಕುಸಿದು 160ಕ್ಕೆ ಬಂದರೂ ಅದು ಆಂಪಿಯರ್ ಒಂದಿಷ್ಟು ಹೆಚ್ಚು ಎಳೆದುಕೊಂಡು ತನ್ನ ಕೆಲಸ ಮಾಡುತ್ತದೆ. ನೋಡಬೇಕಾದದ್ದು ಅದರ ಕೆಳಗಿನ ಸಾಲು, ಔಟ್‌ಪುಟ್. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ವ್ಯಾಟ್. ದೊಡ್ಡಪ್ಪನದು 9 ವೋಲ್ಟ್, 2 ಆಂಪಿಯರ್, ಅಂದರೆ 18 ವ್ಯಾಟ್. ಹುಡುಗಿಯ ಲ್ಯಾಪ್‌ಟಾಪಿನದು 20 ವೋಲ್ಟ್, 3.25 ಆಂಪಿಯರ್, ಅಂದರೆ 65.

ದೊಡ್ಡಪ್ಪನಿಗೆ ವ್ಯಾಟ್ ಒಗ್ಗುವುದಿಲ್ಲ, ಎಚ್‌ಪಿ ಹೇಳಬೇಕು. ಅಶ್ವಶಕ್ತಿಯ ಲೆಕ್ಕವನ್ನು ಬಳಕೆಗೆ ತಂದದ್ದೂ ಜೇಮ್ಸ್ ವ್ಯಾಟನೇ, ತನ್ನ ಹಬೆಯಂತ್ರ ಎಷ್ಟು ಕುದುರೆಗಳ ಕೆಲಸ ಮಾಡುತ್ತದೆಂದು ಗಿರಾಕಿಗಳಿಗೆ ತಿಳಿಸಲು. ಒಂದು ಎಚ್‌ಪಿ ಎಂದರೆ 746 ವ್ಯಾಟ್. ತೋಟದ ಐದು ಎಚ್‌ಪಿ ಪಂಪಿಗೆ ಸುಮಾರು 3,700. ಈ ಲೆಕ್ಕದಲ್ಲಿ ಲ್ಯಾಪ್‌ಟಾಪ್ ಕೇಳುವುದು ಕುದುರೆಯ ಹತ್ತನೆಯ ಒಂದು ಪಾಲಿಗಿಂತ ಕಡಿಮೆ. ಫೋನಿನ ಚಾರ್ಜರ್ ಕೊಡುವುದು ಬಾಲ, ಅದೂ ತುದಿ ಮಾತ್ರ.

ಅಷ್ಟರಲ್ಲಿ ಪಕ್ಕದ ಮನೆಯ ಹುಡುಗ ತನ್ನ ಫೋನಿನ ಚಾರ್ಜರ್ ತಂದ. “ಎಂಬತ್ತು ವ್ಯಾಟ್ ಅಕ್ಕಾ!” ಬರೆದದ್ದೂ ಹಾಗೆಯೇ ಇತ್ತು. ಲ್ಯಾಪ್‌ಟಾಪ್ ಕ್ಯಾರೇ ಅನ್ನಲಿಲ್ಲ. ಟೈಪ್ ಸಿ ದಾರಿಯಲ್ಲಿ ವಿದ್ಯುತ್ತು ಸುಮ್ಮನೆ ನುಗ್ಗುವುದಿಲ್ಲ, ಮೊದಲು ಮಾತುಕತೆ ಆಗಬೇಕು. ಅದಕ್ಕೆ ಪವರ್ ಡೆಲಿವರಿ, ಚಿಕ್ಕದಾಗಿ ಪಿಡಿ, ಎಂದು ಹೆಸರು. ಶುರುವಿಗೆ 5 ವೋಲ್ಟ್ ಮಾತ್ರ. ಆಮೇಲೆ ಚಾರ್ಜರ್ ತನ್ನಲ್ಲಿ 9, 15, 20 ವೋಲ್ಟುಗಳಲ್ಲಿ ಏನೇನಿದೆ ಎಂದು ಸಾರುತ್ತದೆ, ಲ್ಯಾಪ್‌ಟಾಪ್ ಆರಿಸಿಕೊಳ್ಳುತ್ತದೆ. ಹಲವು ಫೋನ್ ಕಂಪನಿಗಳ ಭಾರಿ ವ್ಯಾಟು ಅವರವರ ಫೋನಿನ ಜೊತೆಗಿನ ಒಳಭಾಷೆಯಲ್ಲಿ ಮಾತ್ರ ನಡೆಯುತ್ತದೆ. ಹೊರಗಿನವರು ಕೇಳಿದರೆ ಎಂಬತ್ತು ಹೋಗಿ ಹತ್ತಿಪ್ಪತ್ತಕ್ಕೆ ಬಂದು ನಿಲ್ಲುತ್ತದೆ. ಕೆಲವು ಲ್ಯಾಪ್‌ಟಾಪುಗಳಿಗಂತೂ 20 ವೋಲ್ಟ್ ಇಲ್ಲದಿದ್ದರೆ ಮಾತೇ ಬೇಡ.

ನಡುವೆ ನಿಂತ ವೈರೂ ಮಧ್ಯಸ್ಥನೇ. ಮಾಮೂಲಿ ಟೈಪ್ ಸಿ ವೈರಿಗೆ 3 ಆಂಪಿಯರಿನ ಮಿತಿ, ಅಂದರೆ 20 ವೋಲ್ಟಿನಲ್ಲಿ 60 ವ್ಯಾಟ್. ಅದಕ್ಕಿಂತ ಹೆಚ್ಚು ಸಾಗಿಸಬೇಕಾದರೆ ವೈರಿನೊಳಗೊಂದು ಚಿಪ್ ಕೂತು ‘ನನ್ನಿಂದ ಐದು ಆಂಪಿಯರ್ ಆಗುತ್ತದೆ’ ಎಂದು ಸಾಕ್ಷಿ ಹೇಳಬೇಕು. ಎರಡು ಬಾಯಿಯ ಚಾರ್ಜರಾದರೆ ಇನ್ನೊಂದು ತಂಟೆ. ಒಂಟಿಯಾಗಿ 65 ಕೊಡುತ್ತಿದ್ದುದು, ಯಾರೋ ಬಂದು ಪಕ್ಕದಲ್ಲಿ ಇಯರ್‌ಬಡ್ಸ್ ಸಿಕ್ಕಿಸಿದ ಕೂಡಲೇ ಲ್ಯಾಪ್‌ಟಾಪಿಗೆ 45 ಮಾತ್ರ ಉಳಿಸುವುದುಂಟು.

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಚಾರ್ಜರ್ ಕೇಳಿಕೊಂಡು ಹೋದರೆ ಅಂಗಡಿಯವನು ಕಂಪನಿಯ ಜೊತೆಗೆ “ಎಷ್ಟು ವ್ಯಾಟ್ ಸಾರ್?” ಎನ್ನುತ್ತಾನೆ. ಹಳೆಯ ದುಂಡು ಪಿನ್ನಿನವಾದರೆ ಲ್ಯಾಪ್‌ಟಾಪಿನ ತಳವನ್ನೇ ತಿರುವಿ ನೋಡುತ್ತಾನೆ. ಅಲ್ಲಿ ವೋಲ್ಟು ಸರಿಹೊಂದಲೇಬೇಕು, ಮಾತುಕತೆಗೆ ಜಾಗವಿಲ್ಲ. ಕೆಲವು ಕಂಪನಿಗಳ ಪಿನ್ನಿನ ನಡುವಿನ ಆ ಸೂಜಿ ಚಾರ್ಜರಿನ ಗುರುತು ಹೇಳುವುದಕ್ಕಿದೆ. ಅದು ಮುರಿದರೆ ಲ್ಯಾಪ್‌ಟಾಪ್ ಓಡುತ್ತದೆ, ಬ್ಯಾಟರಿ ತುಂಬುವುದಿಲ್ಲ, ವೇಗವೂ ತಗ್ಗುತ್ತದೆ. ಬ್ಯಾಟರಿಯೇ ಹೋಯಿತೆಂದು ಹೊಸದು ಕೊಂಡವರಿದ್ದಾರೆ.

ಗಿರಾಕಿಗಳ ಇನ್ನೊಂದು ಭಯ, ದೊಡ್ಡ ವ್ಯಾಟಿನ ಚಾರ್ಜರ್ ಹಾಕಿದರೆ ಸುಟ್ಟುಹೋದೀತೆಂದು. ಮದುವೆಮನೆಯಲ್ಲಿ ಬಡಿಸುವವನ ಬಕೆಟ್ಟು ಎಷ್ಟೇ ದೊಡ್ಡದಿರಲಿ, ಎಲೆಯ ಮೇಲೆ ಬೀಳುವುದು ಉಣ್ಣುವವನು ಕೈ ಅಡ್ಡ ಹಿಡಿಯುವ ತನಕ ಮಾತ್ರ. ವ್ಯಾಟೂ ಹಾಗೆಯೇ, ಲ್ಯಾಪ್‌ಟಾಪ್ ತನಗೆ ಬೇಕಾದಷ್ಟನ್ನೇ ತೆಗೆದುಕೊಳ್ಳುತ್ತದೆ. ಜಾಸ್ತಿಯಿಂದ ತೊಂದರೆಯಿಲ್ಲ, ತೊಂದರೆಯೆಲ್ಲ ಕಮ್ಮಿಯಿಂದ.

ಎಲ್ಲಕ್ಕೂ ಒಂದೇ ಬಾಯಿ ಇರಲೆಂದು ಯುರೋಪಿನವರು ಕಾನೂನನ್ನೇ ಮಾಡಿದ್ದಾರೆ. ಫೋನುಗಳಿಗೆ 2024ರ ಡಿಸೆಂಬರ್ 28ರಿಂದ ಟೈಪ್ ಸಿ ಕಡ್ಡಾಯ, ಲ್ಯಾಪ್‌ಟಾಪುಗಳಿಗೆ ಗಡುವು 2026ರ ಏಪ್ರಿಲ್ 28. ನಮ್ಮ ಬಿಐಎಸ್ ಕೂಡ ಟೈಪ್ ಸಿಗೆ ಭಾರತೀಯ ಮಾನಕ ಹೊರಡಿಸಿದೆ. ಪಿಡಿಯ ಮಿತಿಯೋ 2021ರಲ್ಲಿ 100 ವ್ಯಾಟಿನಿಂದ 240ಕ್ಕೆ ಏರಿದೆ. ಬಾಯಿಯೆಲ್ಲ ಒಂದಾದಷ್ಟೂ ಹಸಿವು ಬೇರೆಬೇರೆ ಎನ್ನುವುದು ಮರೆಯುತ್ತದೆಂದು ಆ ಕಾನೂನಿಗೂ ಗೊತ್ತು. ಕನಿಷ್ಠ ಎಷ್ಟು ವ್ಯಾಟ್ ಬೇಕು, ಗರಿಷ್ಠ ಎಷ್ಟು ಎಳೆಯುತ್ತದೆ ಎಂದು ಡಬ್ಬಿಯ ಮೇಲೆ ಮುದ್ರಿಸಲೇಬೇಕೆಂದು ಅದರಲ್ಲಿದೆ. ದೊಡ್ಡಮ್ಮನಿಗೆ ಯುರೋಪಿನ ಸುದ್ದಿ ತಲುಪಿರಲಿಲ್ಲ. ಆದರೂ ಉಪ್ಪಿನಕಾಯಿ ಭರಣಿಗೆ ಅಂಟಿಸಿ ಉಳಿದ ಚೀಟಿಗಳನ್ನು ತಂದು ಮನೆಯ ಚಾರ್ಜರುಗಳಿಗೆಲ್ಲ ಹಚ್ಚಿದರು: ‘18, ಫೋನಿಗೆ ಮಾತ್ರ’, ‘10, ಟಾರ್ಚಿಗೆ’.

ಅಣ್ಣನ ಮಗಳ ಚಾರ್ಜರ್ ಬೆಂಗಳೂರಿನಿಂದ ಕೊರಿಯರಿನಲ್ಲಿ ಬರುವವರೆಗೆ ದಾರಿ ಕಾಣಬೇಕಿತ್ತಲ್ಲ. ಪುಣ್ಯಕ್ಕೆ ಅವಳ ಲ್ಯಾಪ್‌ಟಾಪ್ 9 ವೋಲ್ಟನ್ನು ಬೇಡವೆನ್ನದ ಜಾತಿಯದು. ಹಗಲು ತೆರೆ ಉರಿಯುತ್ತ, ಮೀಟಿಂಗ್ ನಡೆಯುತ್ತ ಇದ್ದಾಗ 18 ವ್ಯಾಟೂ ಅಲ್ಲಿಗಲ್ಲಿಗೇ ಖರ್ಚಾಗಿ, ಸಾಲದ್ದನ್ನು ಬ್ಯಾಟರಿಯಿಂದ ಎಳೆಯುತ್ತಿತ್ತು. ರಾತ್ರಿ ಪೂರ್ತಿ ಆಫ್ ಮಾಡಿಟ್ಟರೆ ಬಂದದ್ದೆಲ್ಲ ಬ್ಯಾಟರಿಗೆ. ಬೆಳಿಗ್ಗೆ ಎದ್ದು ನೋಡಿದರೆ ನೂರಕ್ಕೆ ನೂರು.

“ನೋಡಿದ್ಯಾ,” ಎಂದರು ದೊಡ್ಡಪ್ಪ, “ರಾತ್ರಿ ಪಂಪು ನಿಂತ ಮೇಲೆ ವೋಲ್ಟೇಜ್ ಬರ್ತದೆ ಅಂತ ನಾನು ಆಗ್ಲೇ ಹೇಳ್ಲಿಲ್ವಾ?”