ಫೋಟೋ ನಿಷೇಧದ ಬೋರ್ಡಿಗೊಂದು ಬಹಿರಂಗ ಪತ್ರ

ಇವರಿಗೆ,
'ಛಾಯಾಚಿತ್ರ ತೆಗೆಯುವುದನ್ನು ನಿಷೇಧಿಸಲಾಗಿದೆ' ಬೋರ್ಡಿನವರು,
ಮುಚ್ಚಿದ ಬಟ್ಟೆ ಮಿಲ್ಲಿನ ಮುಖ್ಯ ಗೇಟು,
ನಮ್ಮೂರು.

ಮಾನ್ಯರೇ,

ವಿಷಯ: ನಾನು ತೆಗೆದು, ಅಲ್ಲೇ ಅಳಿಸಿದ ಎರಡು ಫೋಟೋಗಳ ಬಗ್ಗೆ.
ಉಲ್ಲೇಖ: ತಮ್ಮ ಮೈಮೇಲಿನ ಬರಹ. ದಿನಾಂಕ ತುಕ್ಕು ಹಿಡಿದಿರುವುದರಿಂದ ನಮೂದಿಸಿಲ್ಲ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ, ಕಳೆದ ಭಾನುವಾರ ಬೆಳಿಗ್ಗೆ ಆರೂವರೆಗೆ ನಾನು ತಮ್ಮ ಎದುರಿನ ಸಾರ್ವಜನಿಕ ರಸ್ತೆಯಲ್ಲಿ ಟ್ರೈಪಾಡ್ ಊರಿ ನಿಂತಿದ್ದೆ. ಮಿಲ್ಲಿನ ಚಿಮಣಿಯದೊಂದು, ಗರಗಸದ ಹಲ್ಲಿನಂಥ ಚಾವಣಿಯದೊಂದು, ಹೀಗೆ ಎರಡು ಫೋಟೋ ತೆಗೆದಿದ್ದೆ. ಅಷ್ಟರಲ್ಲಿ ತಮ್ಮ ಪಕ್ಕದ ತಗಡಿನ ಕೋಣೆಯಿಂದ ಸೆಕ್ಯೂರಿಟಿಯವರು ಬಾಯಲ್ಲಿ ಬ್ರಶ್ ಇಟ್ಟುಕೊಂಡೇ ಹೊರಬಂದರು. ಬಾಯಿ ತುಂಬ ನೊರೆ ಇದ್ದದ್ದರಿಂದ ಮಾತಾಡದೆ, ಬ್ರಶ್ಶನ್ನೇ ಹೊರತೆಗೆದು ತಮ್ಮತ್ತ ತೋರಿಸಿದರು. ಆಮೇಲೆ ಪಕ್ಕದ ಚರಂಡಿಗೆ ಉಗಿದು ಬಂದು, "ಬೋರ್ಡ್ ಐತಲ್ಲ ಸರ್, ಓದಾಕೆ ಬರಲ್ವಾ?" ಎಂದರು.

ಓದಿದೆ. 'ಛಾ' ಉದುರಿಹೋಗಿದೆ. 'ಯಾಚಿತ್ರ ತೆಗೆಯುವುದನ್ನು ನಿಷೇಧಿ' ಎನ್ನುವವರೆಗೆ ಸರಿಯಾಗಿಯೇ ಇದ್ದೀರಿ. ಅಲ್ಲಿಂದಾಚೆಗೆ ಯಾರೋ ಪುಣ್ಯಾತ್ಮರು ಬೋರ್‌ವೆಲ್‌ನವರ ಜಾಹೀರಾತು ಅಂಟಿಸಿದ್ದಾರೆ. ಒಟ್ಟಿಗೆ ಓದಿದರೆ ಫೋಟೋ ತೆಗೆದವರಿಗೆ ಕಡಿಮೆ ದರದಲ್ಲಿ ಬೋರ್ ಕೊರೆಯಲಾಗುತ್ತದೆ ಎಂಬ ಎಚ್ಚರಿಕೆಯಂತೆ ಕಾಣುತ್ತದೆ. ನಾನು ಕಾನೂನಿಗೆ ತಲೆಬಾಗುವವನು. ಅವರ ಕಣ್ಣೆದುರೇ ಎರಡೂ ಫೋಟೋ ಅಳಿಸಿದೆ. ಅವರು ಬೆರಳು ಮಡಚಿ ಎಣಿಸಿಕೊಂಡರು.

ಎರಡನೆಯದನ್ನು ಅಳಿಸುವ ಹೊತ್ತಿಗೆ ಒಳಗಿನಿಂದ ಹಾರ್ನ್ ಕೇಳಿಸಿತು. ಸೆಕ್ಯೂರಿಟಿಯವರು ಓಡಿಹೋಗಿ ಗೇಟಿನ ಎರಡೂ ಬಾಗಿಲು ತೆರೆದರು. ಗುಜರಿ ಲಾರಿ ಹೊರಬಂತು. ಹಿಂದೆ ಉದ್ದುದ್ದ ಕಬ್ಬಿಣದ ತೊಲೆ, ಹಲ್ಲು ಮುರಿದ ಗೇರುಚಕ್ರ, ಎರಕದ ಕಂಬ. ಎಲ್ಲಕ್ಕೂ ಮೇಲೆ ಒಬ್ಬ ಹುಡುಗ ಕೂತು ಬನ್ ತಿನ್ನುತ್ತಿದ್ದ. ಡ್ರೈವರ್ ಕಿಟಕಿಯಿಂದ ಒಂದು ಚೀಟಿ ತೋರಿಸಿದ. ಸೆಕ್ಯೂರಿಟಿಯವರು ಸೆಲ್ಯೂಟ್ ಹೊಡೆದರು. ಲಾರಿಗೆ ಗೇಟ್ ಪಾಸ್ ಇತ್ತು, ನನಗಿರಲಿಲ್ಲ. ಮಿಲ್ಲನ್ನೇ ಒಯ್ಯಲು ಪಾಸ್ ಸಿಗುತ್ತದೆ, ಮಿಲ್ಲಿನ ಫೋಟೋ ಒಯ್ಯಲು ಸಿಗುವುದಿಲ್ಲ. ಈ ನಿಯಮದ ಸೂಕ್ಷ್ಮ ನನಗೆ ಅರ್ಥವಾಗಲು ಒಂದು ವಾರ ಹಿಡಿಯಿತು. ಲಾರಿಯಲ್ಲಿ ಹೋದದ್ದನ್ನು ವೇಬ್ರಿಡ್ಜ್‌ನಲ್ಲಿ ತೂಗಬಹುದು. ಫೋಟೋಗೆ ತೂಕವಿಲ್ಲ. ತೂಕವಿಲ್ಲದ್ದು ಹೊರಗೆ ಹೋದರೆ ರಿಜಿಸ್ಟರಿನಲ್ಲಿ ಏನೆಂದು ಬರೆಯುವುದು?

ಸೆಕ್ಯೂರಿಟಿಯವರ ಮೇಲೆ ನನಗೆ ಸಿಟ್ಟಿಲ್ಲ. ಹನ್ನೆರಡು ಗಂಟೆಯ ಡ್ಯೂಟಿ, ಒಂದು ಲಾಠಿ, ಒಂದು ಪ್ಲಾಸ್ಟಿಕ್ ಕುರ್ಚಿ. ಅವರಿಗೆ ಮೇಲಧಿಕಾರಿ ಎಂದು ಕಣ್ಣಿಗೆ ಕಾಣುವವರು ತಾವೊಬ್ಬರೇ. ಅದಕ್ಕೇ ನೇರವಾಗಿ ತಮಗೇ ಬರೆಯುತ್ತಿದ್ದೇನೆ.

ತಮ್ಮ ವಂಶವೃಕ್ಷವನ್ನೂ ಸ್ವಲ್ಪ ಹುಡುಕಿದೆ. ಬ್ರಿಟಿಷರ ಕಾಲದ ಅಧಿಕೃತ ರಹಸ್ಯಗಳ ಕಾಯ್ದೆ 1923ರದು. ಅದರಲ್ಲಿ 'ನಿಷೇಧಿತ ಸ್ಥಳ' ಎಂಬ ಮಾತಿದೆ. ದೇಶಕ್ಕೆ ಕೇಡು ಬಗೆದು ಅಂಥ ಜಾಗದ ನಕ್ಷೆ, ಚಿತ್ರ ಮಾಡಿದವನಿಗೆ ಜೈಲು. ಅದೇ 1923ರಲ್ಲಿ ನಮ್ಮ ಭದ್ರಾವತಿಯಲ್ಲಿ ಮೈಸೂರು ಸಂಸ್ಥಾನದ ಕಾರ್ಖಾನೆ ಮಲೆನಾಡಿನ ಕಾಡಿನ ಇದ್ದಿಲು ಉರಿಸಿ ಕಬ್ಬಿಣ ಕರಗಿಸಲು ಶುರು ಮಾಡಿತು. ಒಂದೇ ವರ್ಷ ಹುಟ್ಟಿದ ಇವೆರಡರಲ್ಲಿ ಒಂದು ಕಾಗದ, ಇನ್ನೊಂದು ಕಬ್ಬಿಣ. ನೂರು ವರ್ಷವಾದ ಮೇಲೆ ನೋಡಿದರೆ ಕಬ್ಬಿಣ ಏದುಸಿರು ಬಿಡುತ್ತಿದೆ, ಕಾಗದ ಗಟ್ಟಿಮುಟ್ಟಾಗಿದೆ. ಬಾಗಿಲು ಹಾಕಿದ ಬಟ್ಟೆ ಮಿಲ್ಲಿಗೂ ಈ ಕಾಯ್ದೆ ತಗುಲುತ್ತದೆಯೇ ಎಂದು ವಕೀಲ ಗೆಳೆಯನನ್ನು ಕೇಳಿದೆ. "ಮೊದಲು ಅಲ್ಲಿ ರಹಸ್ಯ ಏನು ಉಳಿದಿದೆ ಹೇಳು" ಎಂದ. ಹೇಳಲಾಗಲಿಲ್ಲ. ಪಾರಿವಾಳಗಳ ಸಂಖ್ಯೆ ಇರಬಹುದು.

ಮನೆಗೆ ಬಂದು ಫೋನಿನ ಮ್ಯಾಪಿನಲ್ಲಿ ನೋಡಿದೆ. ಮೇಲಿನಿಂದ ಇಡೀ ಮಿಲ್ಲು ಸ್ಪಷ್ಟವಾಗಿ ಕಾಣುತ್ತದೆ: ಚಾವಣಿಯ ಹಲ್ಲುಗಳು, ಚಿಮಣಿಯ ಉದ್ದನೆಯ ನೆರಳು, ಸೆಕ್ಯೂರಿಟಿಯವರ ತಗಡಿನ ಕೋಣೆಯೂ ಸೇರಿ. ಉಪಗ್ರಹಕ್ಕೆ ಮೇಲಿನಿಂದ ತಾವು ಬರೀ ಒಂದು ಗೆರೆಯಾಗಿ ಕಂಡಿರುತ್ತೀರಿ, ಓದಲಾಗಿಲ್ಲ. ಅದನ್ನು ಕ್ಷಮಿಸಬೇಕು.

"ಫೋಟೋ ತೆಗಿಯಾಕೆ ಇಲ್ಲೇನೈತ್ರಿ, ಜೋಗಕ್ಕೆ ಹೋಗ್ರಿ" ಎಂದೂ ಸೆಕ್ಯೂರಿಟಿಯವರು ಸಲಹೆ ಕೊಟ್ಟಿದ್ದರು. ಮನೆಯಲ್ಲೂ ಇದೇ ಸಲಹೆ. ಗೋಕಾಕಕ್ಕೆ ಹೋದಾಗ ನಡೆದದ್ದನ್ನು ಹೇಳುತ್ತೇನೆ. ಅಲ್ಲಿ 1887ರ ಕಾಲದ ಹತ್ತಿ ಮಿಲ್ಲು ಜಲಪಾತದ ಮಗ್ಗುಲಲ್ಲೇ ಇದೆ. ಬಂದವರೆಲ್ಲ ಮಿಲ್ಲು ಫೋಟೋದೊಳಗೆ ಬರದಂತೆ ಮಾಡಲು ಹೆಣಗುತ್ತಿದ್ದರು. ನಾನೊಬ್ಬ ಜಲಪಾತ ಬರದಂತೆ ಮಾಡಲು ಹೆಣಗುತ್ತಿದ್ದೆ. ಹೆಂಡತಿ ನನ್ನಿಂದ ಇಪ್ಪತ್ತು ಮಾರು ದೂರ ನಿಂತು, ಪರಿಚಯವಿಲ್ಲದವಳಂತೆ ಜೋಳ ತಿನ್ನುತ್ತಿದ್ದಳು.

ನನಗೂ ಮೊದಲು ಈ ಮಿಲ್ಲುಗಳ ಫೋಟೋ ಬರೀ ಆಕಾರದ ಹುಚ್ಚು. ಎಲ್ಲೆಲ್ಲಿ ಹಳೆಯ ಬಟ್ಟೆ ಮಿಲ್ಲು ಕಂಡರೂ ಚಾವಣಿ ಯಾಕೆ ಗರಗಸದಂತೆ ಎಂದು ಕೇಳಿಕೊಂಡವನಲ್ಲ. ಫೋಟೋಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಹಲ್ಲುಗಳ ನೆಟ್ಟಗಿನ ಮೈ ಎಲ್ಲ ಕಡೆಯೂ ಒಂದೇ ದಿಕ್ಕಿಗಿದ್ದದ್ದು ಕಣ್ಣಿಗೆ ಬಿತ್ತು. ಉತ್ತರಕ್ಕೆ. ಗಾಜು ಇರುವುದು ಆ ಮೈಗೇ. ಉತ್ತರದ ಬೆಳಕು ದಿನವಿಡೀ ಹೆಚ್ಚುಕಡಿಮೆ ಸಮನಾಗಿರುತ್ತದೆ, ವರ್ಷದ ಬಹುಪಾಲು ಬಿಸಿಲು ನೇರ ಒಳಗೆ ಬೀಳುವುದಿಲ್ಲ. ತುಂಡಾದ ಎಳೆಯನ್ನು ಕಣ್ಣಲ್ಲೇ ಹಿಡಿಯಬೇಕಾದವನಿಗೆ ಅದಕ್ಕಿಂತ ಒಳ್ಳೆಯ ದೀಪವಿಲ್ಲ. ಕರೆಂಟಿನ ಬೆಳಕು ದುಬಾರಿಯಾಗಿದ್ದ ಕಾಲದಲ್ಲಿ ಯಾರೋ ಇಷ್ಟನ್ನು ಯೋಚಿಸಿ ಕಟ್ಟಿದ್ದರು. ಫೋಟೋ ಸ್ಟುಡಿಯೋದವರು ಉತ್ತರದ ಕಿಟಕಿ ಹುಡುಕುತ್ತಿದ್ದದ್ದೂ ಇದಕ್ಕೇ. ಹಾಗೆ ನೋಡಿದರೆ ತಮ್ಮ ಹಿಂದಿರುವುದು ಊರಿನ ಅತಿ ದೊಡ್ಡ ಫೋಟೋ ಸ್ಟುಡಿಯೋ. ಅದರ ಬಾಗಿಲಲ್ಲಿ ನಿಂತು ಫೋಟೋ ತೆಗೆಯಬೇಡಿ ಎನ್ನುತ್ತಿದ್ದೀರಿ.

ಚಿಮಣಿಯ ಕಥೆ ಬೇರೆ. ಹತ್ತಿರ ನಿಂತು ಕ್ಯಾಮೆರಾ ಮೇಲೆತ್ತಿದರೆ ಅದು ಕುಡಿದವನಂತೆ ಹಿಂದಕ್ಕೆ ವಾಲುತ್ತದೆ. ನೆಟ್ಟಗೆ ಕಾಣಬೇಕಾದರೆ ದೂರ ಹೋಗಬೇಕು, ಎತ್ತರಕ್ಕೂ ಏರಬೇಕು. ಇದನ್ನು ನಮ್ಮಂಥವರಿಗೆಲ್ಲ ಕಲಿಸಿದವರು ಬೆರ್ನ್ಡ್ ಮತ್ತು ಹಿಲ್ಲಾ ಬೆಷರ್ ಎಂಬ ಜರ್ಮನ್ ದಂಪತಿ. 1959ರಿಂದ ಜೊತೆಯಾಗಿ ಕೆಲಸ ಶುರು ಮಾಡಿ ದಶಕಗಟ್ಟಲೆ ಅವರು ತೆಗೆದದ್ದು ನೀರಿನ ಟ್ಯಾಂಕು, ಊದುಕುಲುಮೆ, ಗಣಿಯ ಬಾಯಿಯ ಮೇಲಿನ ಕಬ್ಬಿಣದ ಗೋಪುರ, ಗ್ಯಾಸ್ ಟ್ಯಾಂಕು. ಮೋಡ ಕವಿದ ದಿನ, ನೆರಳು ಬೀಳದ ಹೊತ್ತು, ಭಾರೀ ಕ್ಯಾಮೆರಾ. ಕಟ್ಟಡದ ಅರ್ಧ ಎತ್ತರಕ್ಕೆ ಸಮನಾಗಲು ಏಣಿ. ಒಂದೇ ಜಾತಿಯ ಒಂಬತ್ತು, ಹನ್ನೆರಡು, ಹದಿನೈದು ಫೋಟೋಗಳನ್ನು ಸಾಲಾಗಿ ತೂಗುಹಾಕುತ್ತಿದ್ದರು. 1990ರಲ್ಲಿ ವೆನಿಸ್ ಬಿನಾಲೆ ಕಲಾಪ್ರದರ್ಶನದಲ್ಲಿ ಅವರಿಗೆ ಬಹುಮಾನ ಬಂತು, ಅದೂ ಶಿಲ್ಪಕಲೆಯ ವಿಭಾಗದಲ್ಲಿ. ಅವರು ಒಂದೇ ಒಂದು ಕಲ್ಲು ಕೆತ್ತಿದವರಲ್ಲ. ಕೆಡವಲು ಹೊರಟಿದ್ದ ಡಾರ್ಟ್ಮಂಡಿನ ಝೋಲರ್ನ್ ಕಲ್ಲಿದ್ದಲು ಗಣಿಯ ಯಂತ್ರಶಾಲೆಗೆ 1969ರಲ್ಲೇ ರಕ್ಷಣೆ ಸಿಕ್ಕಿತು. ಅದರ ಫೋಟೋಗಳನ್ನೂ ಇವರು ತೆಗೆದಿದ್ದರು.

ನಮ್ಮಲ್ಲೂ ಅಂಥ ಗೋಪುರಗಳಿಲ್ಲವೇ ಎಂದು ತಾವು ಕೇಳಬಹುದು. ಕೋಲಾರದ ಚಿನ್ನದ ಗಣಿಯಲ್ಲಿವೆ. ಹೆಡ್‌ಗೇರ್ ಎನ್ನುತ್ತಾರೆ. ತುದಿಯಲ್ಲಿ ದೊಡ್ಡ ಚಕ್ರ, ಅದರ ಮೇಲಿಂದ ಇಳಿಯುವ ಉಕ್ಕಿನ ಹಗ್ಗ, ಹಗ್ಗದ ತುದಿಯ ಪಂಜರದಲ್ಲಿ ಮನುಷ್ಯರು. ಮೂರು ಕಿಲೋಮೀಟರಿಗಿಂತ ಆಳ ಹೋದ ಗಣಿ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿಗಿಂತ ಮೂರು ವರ್ಷ ಮೊದಲೇ ಹೋದದ್ದು ಅಲ್ಲಿಗೆ. ಆ ಗಣಿಗೆ 2001ರ ಫೆಬ್ರವರಿ 28ರಂದು ಬೀಗ ಬಿತ್ತು. ಅದೇ 2001ರ ಕೊನೆಗೆ ಜರ್ಮನಿಯ ಎಸೆನ್ ಊರಿನ ಝೋಲ್‌ಫರೈನ್ ಎಂಬ ಮುಚ್ಚಿದ ಕಲ್ಲಿದ್ದಲು ಗಣಿ, ಅದರ ಕೆಂಪು ಗೋಪುರದ ಸಮೇತ, ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಅಲ್ಲಿನವರು ಅಗೆದದ್ದು ಬರೀ ಕಲ್ಲಿದ್ದಲು. ನಮ್ಮವರು ಅಗೆದದ್ದು ಚಿನ್ನ. ಈಗ ಜನ ಎಸೆನ್‌ಗೆ ಹೋಗಿ ಆ ಗೋಪುರದ ಕೆಳಗೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಅಲ್ಲಿನವರಿಗೆ ತಮ್ಮಂಥವರ ಮಾರ್ಗದರ್ಶನ ಸಿಕ್ಕಿಲ್ಲವೆಂದು ಕಾಣುತ್ತದೆ.

ಇನ್ನು ಬೆಂಗಳೂರಿನ ಮಿನರ್ವ ಮಿಲ್ಲು. ಕಾನೂನು ಓದುವ ಹುಡುಗರಿಗೆ ಅದು 1980ರ ಸುಪ್ರೀಂ ಕೋರ್ಟ್ ತೀರ್ಪು. ಸಂವಿಧಾನದ ಮೂಲ ರಚನೆಯನ್ನು ಮುಟ್ಟುವ ಹಾಗಿಲ್ಲ ಎಂದು ಆ ತೀರ್ಪು ಗಟ್ಟಿಯಾಗಿ ಹೇಳಿತು. ಮಿಲ್ಲಿನ ಮೂಲ ರಚನೆ ಹೇಗಿತ್ತೆಂದು ನೋಡೋಣವೆಂದರೆ ನನ್ನ ಕೈಗೆ ಒಂದು ಒಳ್ಳೆಯ ಫೋಟೋ ಸಿಕ್ಕಿಲ್ಲ. ಅಲ್ಲಿಯೂ ಗೇಟಿಗೆ ತಮ್ಮ ಸಂಬಂಧಿಕರೊಬ್ಬರು ಇದ್ದಿರಬೇಕು.

ಹಾಗೆಂದು ನಾವು ಹವ್ಯಾಸಿಗಳೇನು ಸಾಚಾಗಳಲ್ಲ. ಒಡೆದ ಗಾಜು, ಗೋಡೆಯ ಬಿರುಕಿನಲ್ಲಿ ಹುಟ್ಟಿದ ಅರಳಿ ಗಿಡ, ತುಕ್ಕಿನ ಕೇಸರಿ ಬಣ್ಣ ಕಂಡರೆ ನಮಗೆ ಬಾಯಲ್ಲಿ ನೀರೂರುತ್ತದೆ. ಇನ್ನೊಬ್ಬರ ಕೆಲಸ ಹೋದ ಜಾಗ ನಮಗೆ 'ಒಳ್ಳೆ ಟೆಕ್ಸ್ಚರ್'. ಈ ಮಿಲ್ಲು ಓಡುತ್ತಿದ್ದಾಗ ನಾನು ದಿನಾ ಇದೇ ರಸ್ತೆಯಲ್ಲಿ ಸೈಕಲ್ ಹೊಡೆದುಕೊಂಡು ಕಾಲೇಜಿಗೆ ಹೋಗುತ್ತಿದ್ದೆ. ಶಿಫ್ಟ್ ಬಿಟ್ಟಾಗ ತಲೆಗೂದಲಿಗೆಲ್ಲ ಹತ್ತಿಯ ಧೂಳು ಹತ್ತಿದ ಜನ ಹೊರಬರುತ್ತಿದ್ದರು. ರಸ್ತೆ ಜಾಮ್ ಆಗುತ್ತದೆಂದು ಬೈದುಕೊಳ್ಳುತ್ತಿದ್ದೆ. ಒಂದೇ ಒಂದು ಫೋಟೋ ತೆಗೆದವನಲ್ಲ. ಆಗ ತಾವೂ ಹೊಸ ಪೇಂಟಿನಲ್ಲಿ ಹೊಳೆಯುತ್ತಿದ್ದಿರಿ. ನಿಷೇಧವೇ ಬೇಕಿಲ್ಲದ ಕಾಲದಲ್ಲಿ ನಿಷೇಧಿಸುತ್ತಿದ್ದಿರಿ.

ಅಂದಹಾಗೆ ಒಂದು ತಪ್ಪೊಪ್ಪಿಗೆ. ಅಳಿಸಿದ ಮೇಲೆ ನಾನು ಸೀದಾ ಮನೆಗೆ ಹೋಗಲಿಲ್ಲ. ಗೇಟಿಗೆ ಎದುರು ಸಾಲಿನ ಮೂರನೇ ಮನೆಯ ಅಜ್ಜಿ ಹೊಸಿಲಿಗೆ ನೀರು ಹಾಕುತ್ತ ಎಲ್ಲವನ್ನೂ ನೋಡಿದ್ದರು. "ಮ್ಯಾಲೆ ಹೋಗು ತಮ್ಮಾ, ಮಾಳಿಗೆ ಮ್ಯಾಲಿಂದ ಚಂದ ಕಾಣತೈತಿ" ಎಂದರು. ಹೋದೆ. ಒಣಹಾಕಿದ ಹಪ್ಪಳ ದಾಟಿಕೊಂಡು ಅಂಚಿಗೆ ಬಂದು ನಿಂತರೆ ಚಿಮಣಿ ನೆಟ್ಟಗೆ, ಬೆಷರ್ ದಂಪತಿ ಮೆಚ್ಚುವಷ್ಟು ನೆಟ್ಟಗೆ ನಿಂತಿತ್ತು. ಆದರೆ ಬಿಸಿಲು ಬಂದುಬಿಟ್ಟಿತ್ತು. ಆದರೂ ಒಂದು ತೆಗೆದೆ. ಅಜ್ಜಿ ಏದುಸಿರು ಬಿಡುತ್ತ ಮೇಲೆ ಬಂದರು, ಕ್ಯಾಮೆರಾದ ಹಿಂದಿನ ಪುಟ್ಟ ಪರದೆಯನ್ನು ಸೆರಗಿನಿಂದ ಒರೆಸಿ ಕಣ್ಣಿಗೆ ಹತ್ತಿರ ಹಿಡಿದರು. ನಾನು ಚಿಮಣಿಯನ್ನು ನೋಡುತ್ತಿದ್ದೆ. ಅವರ ಬೆರಳು ಚಾವಣಿಯ ಹಲ್ಲುಗಳನ್ನು ಎಣಿಸುತ್ತಿತ್ತು.

"ಬಾಗಿಲ ಕಡೆಯಿಂದ ಐದನೇದು. ಅದರ ಕೆಳಗ ನಮ್ಮ ಯಜಮಾನರ ಮಗ್ಗ ಇತ್ತು. ಹನ್ನೊಂದು ವರ್ಷ ಬದಲಿ, ಆಮ್ಯಾಲೆ ಪರ್ಮನೆಂಟು."

ಬದಲಿ ಎಂದರೆ ಪರ್ಮನೆಂಟಿನವರು ಬಾರದ ದಿನ ಮಾತ್ರ ಕೆಲಸ ಸಿಗುವವನು, ದಿನಾ ಬೆಳಿಗ್ಗೆ ತಮ್ಮ ಬುಡದಲ್ಲಿ ಬಂದು ಕಾಯುವವನು. ಹನ್ನೊಂದು ವರ್ಷ ಕಾದವನನ್ನು ತಾವು ಗುರುತು ಹಿಡಿದಿರಬಹುದು. ನಾನು ಹಿಂದೆ ಇದೇ ಚಾವಣಿಯನ್ನು ಎಷ್ಟೋ ಸಲ ತೆಗೆದಿದ್ದೇನೆ, ಹಲ್ಲು ಎಣಿಸಿರಲಿಲ್ಲ. ಈಗ ಎಣಿಸಿದೆ. ಒಟ್ಟು ಹದಿನಾಲ್ಕಿವೆ. ರಸ್ತೆಯಿಂದ ಕಾಣದ ಹಿಂಬದಿಯಲ್ಲಿ ಎರಡನ್ನು ಆಗಲೇ ಬಿಚ್ಚಿದ್ದಾರೆ. ಮಾಳಿಗೆಯ ಮೇಲೆ ನಿಂತಿದ್ದಕ್ಕೆ ಗೊತ್ತಾಯಿತು.

ಆದ್ದರಿಂದ ತಮ್ಮಲ್ಲಿ ಸವಿನಯ ಪ್ರಾರ್ಥನೆ. ತಮ್ಮನ್ನು ತೆಗೆದುಹಾಕಿ ಎಂದು ನಾನು ಕೇಳುವುದಿಲ್ಲ. ಲಾರಿಯವರು ಹೇಗೂ ಕೊನೆಯ ಟ್ರಿಪ್ಪಿನಲ್ಲಿ ಒಯ್ಯುತ್ತಾರೆ. ತಗಡಿಗೂ ಕಿಲೋಗೆ ಒಂದು ರೇಟಿದೆ. ಅದಕ್ಕೆ ಮೊದಲು ಒಂದು ಮುಂಜಾನೆ, ಎರಡು ತಾಸು, ನನ್ನನ್ನೂ ಅಜ್ಜಿಯನ್ನೂ ಒಳಗೆ ಬಿಡಲು ಸೆಕ್ಯೂರಿಟಿಯವರಿಗೆ ಅಪ್ಪಣೆಯಾಗಲಿ. ಏನನ್ನೂ ಎತ್ತಿಕೊಂಡು ಬರುವುದಿಲ್ಲ. ಹೋಗುವಾಗ, ಬರುವಾಗ ಬೇಕಾದರೆ ಇಬ್ಬರನ್ನೂ ವೇಬ್ರಿಡ್ಜ್ ಮೇಲೆ ನಿಲ್ಲಿಸಿ ತೂಗಲಿ. ಐದನೇ ಹಲ್ಲಿನ ಕೆಳಗೆ ಉತ್ತರದ ಬೆಳಕಿನಲ್ಲಿ ಅವರನ್ನು ನಿಲ್ಲಿಸಿ ಒಂದು ಫೋಟೋ ತೆಗೆಯಬೇಕು. ಅಷ್ಟೇ ಕೆಲಸ.

ಬರುವ ಭಾನುವಾರ ಆರೂವರೆಗೆ ಗೇಟಿನ ಎದುರು ಇರುತ್ತೇವೆ. ಮೋಡ ಇದ್ದರೆ ಒಳ್ಳೆಯದು.

ಇತಿ ತಮ್ಮ ವಿಧೇಯ,
ಗೇಟಿನ ಹೊರಗಿನವನು

ಪ್ರತಿ: ಗುಜರಿ ಗುತ್ತಿಗೆದಾರರಿಗೆ, ಮಾಹಿತಿಗಾಗಿ.
ಲಗತ್ತು: ಫೋಟೋ ಒಂದು. ಮಾಳಿಗೆಯ ಮೇಲಿಂದ ತೆಗೆದದ್ದು. ಎಡಗಡೆ ಕೆಳಗೆ, ಬೋರ್‌ವೆಲ್ ಜಾಹೀರಾತಿನ ಹಿಂದೆ, ತಾವೂ ಇದ್ದೀರಿ.