ಖಾಲಿ ಡಬ್ಬಿಯ ಸಾಕ್ಷ್ಯ

1899ರ ಜುಲೈ. ಅಮೆರಿಕದ ಡೇಟನ್ ಊರಿನ ಸೈಕಲ್ ಅಂಗಡಿಯಲ್ಲಿ ಗಿರಾಕಿಯೊಡನೆ ಹರಟುತ್ತ ವಿಲ್ಬರ್ ರೈಟ್, ಟ್ಯೂಬು ತೆಗೆದ ಉದ್ದನೆಯ ರಟ್ಟಿನ ಡಬ್ಬಿಯೊಂದನ್ನು ಹಿಡಿದು ಒಂದು ತುದಿಯನ್ನು ಆ ಕಡೆಗೆ, ಇನ್ನೊಂದನ್ನು ಈ ಕಡೆಗೆ ತಿರುಚಿದರು. ವಿಮಾನದ ರೆಕ್ಕೆಗೆ ದಾರಿ ತೋರಿದ ಆ ಡಬ್ಬಿಯೇ ನಮ್ಮ ಅತಿಥಿ.

ವಿಮಾನದ ಪೇಟೆಂಟಿಗೆ ನೀವೇ ಮೂಲವಂತೆ?

ಸುಮ್ಮನಿರಿ ಸ್ವಾಮಿ. ಹಕ್ಕಿಗಳು ರೆಕ್ಕೆಯ ತುದಿ ತಿರುಚೋದನ್ನು ನೋಡಿ ಯಜಮಾನರ ತಲೆಯಲ್ಲಿ ಹುಳ ಹೊಕ್ಕಿತ್ತು. ನಾನು ಕೈಗೆ ಸಿಕ್ಕೆ, ಅಷ್ಟೆ.

ಹಕ್ಕಿಗೂ ಗೊತ್ತು, ಡಬ್ಬಿಗೂ ಗೊತ್ತು ಅಂದಮೇಲೆ ಅದಕ್ಕೆ ಪೇಟೆಂಟ್ ಯಾಕೆ? ಯಾರಿಗಾದರೂ ಹೊಳೆಯುವಂಥದ್ದಲ್ಲವೇ?

ಹಾರಿದ ಮೇಲೆ ಎಲ್ಲರಿಗೂ ಹೊಳೆಯಿತು! ಆ ಕಸುಬಿನ ಸಾಮಾನ್ಯ ಕೆಲಸಗಾರನಿಗೆ ಹೊಳೆಯುವಂಥದ್ದಾದರೆ ಪೇಟೆಂಟ್ ಇಲ್ಲ ಅಂತ ಅಮೆರಿಕದ ಸುಪ್ರೀಂ ಕೋರ್ಟು ಹತ್ತೊಂಬತ್ತನೇ ಶತಮಾನದಲ್ಲೇ ಬಾಗಿಲ ಹಿಡಿಯ ಮೊಕದ್ದಮೆಯೊಂದರಲ್ಲಿ ಹೇಳಿತ್ತು. ಬಾಗಿಲ ಹಿಡಿ ಮಾಡೋರು ಬೀದಿಗೊಬ್ಬರು ಸಿಗ್ತಾರೆ. 1903ರಲ್ಲಿ ಅರ್ಜಿ ಹಾಕಿದಾಗ ವಿಮಾನದ ಕಸುಬೇ ಇರಲಿಲ್ಲ. ಸಾಮಾನ್ಯ ಕಸುಬುದಾರನನ್ನ ಎಲ್ಲಿಂದ ತರೋದು? ನಮ್ಮಂಗಡಿಗೆ ಬರ್ತಿದ್ದವರು ಪಂಕ್ಚರ್ ಹಾಕಿಸ್ಕೊಂಡು ಹೋಗ್ತಿದ್ರು.

ಅಂದರೆ ತಿರುಚಿದ್ದೇ ದೊಡ್ಡ ಸಂಶೋಧನೆ?

ಅಲ್ಲ, ಜನ ಎಡವೋದು ಇಲ್ಲೇ. ತಿರುಚಿದ ರೆಕ್ಕೆ ಮೇಲಕ್ಕೆ ಎತ್ತುತ್ತೆ ನಿಜ, ಆದ್ರೆ ಜಾಸ್ತಿ ಎತ್ತುವ ರೆಕ್ಕೆಗೆ ಗಾಳಿಯ ತಡೆಯೂ ಜಾಸ್ತಿ. ಅದು ಹಿಂದೆ ಬಿದ್ದು ವಿಮಾನದ ಮೂತಿಯೇ ತಪ್ಪು ದಿಕ್ಕಿಗೆ ಹೊರಳುತ್ತೆ. ಇದನ್ನ ನಾನು ತೋರಿಸಲಿಲ್ಲ, ರಟ್ಟಿಗೆ ಗಾಳಿ ತಾಗಿದ್ರೆ ತಾನೆ! ಗ್ಲೈಡರ್ ಮೇಲೆ ಮಲಗಿ ಮರಳಿಗೆ ಬಿದ್ದೆದ್ದು ಕಲಿತದ್ದು ಅದು. 1902ರಲ್ಲಿ ಹಿಂದಿನ ಚುಕ್ಕಾಣಿಯನ್ನೂ ರೆಕ್ಕೆಯ ತಿರುಚಾಟಕ್ಕೆ ಜೋಡಿಸಿದರು. ವಕೀಲ ಟೌಲ್ಮಿನ್ ಜಾಣ. ಎಂಜಿನ್ನಿನ ಗೊಡವೆಗೆ ಹೋಗದೆ ಈ ಹತೋಟಿಯನ್ನೇ ಹಿಡಿದ. 1906ರಲ್ಲಿ ಪೇಟೆಂಟ್ ಬಂತು, ನಂಬರು 8,21,393.

ಇಂಗ್ಲೆಂಡಿನ ಬೋಲ್ಟನ್ ಅಂಥದ್ದನ್ನೇ 1868ರಲ್ಲಿ ಬರೆದಿದ್ದರಲ್ಲ?

ಬರೆದಿದ್ರು, ಪೇಟೆಂಟೂ ತಗೊಂಡಿದ್ರು. ಹಾರಿಸಿರಲಿಲ್ಲ. ಕಡತ ಕಡತದಲ್ಲೇ ಮಲಗಿತ್ತು.

ಆದರೆ ವಿಮಾನ ತಯಾರಕ ಗ್ಲೆನ್ ಕರ್ಟಿಸ್ ರೆಕ್ಕೆ ತಿರುಚಲಿಲ್ಲ. ಬೇರೆ ಪಟ್ಟಿ ಕಟ್ಟಿ, ಅದನ್ನು ಮೇಲೆ ಕೆಳಗೆ ಆಡಿಸಿದರು. ಅವರ ಮೇಲೂ ಕೇಸು!

(ಡಬ್ಬಿ ಸ್ವಲ್ಪ ಮಡಚಿಕೊಂಡಿತು.) ಅಲ್ಲಿ ನಮ್ಮವರು ಬೇಲಿಯನ್ನ ದೂರ ಹಾಕಿದ್ರು ಅಂತ ನನಗೂ ಅನ್ನಿಸುತ್ತೆ. ಆದ್ರೆ 1914ರಲ್ಲಿ ಮೇಲಿನ ಕೋರ್ಟೂ ನಮ್ಮವರ ಪರವಾಗಿಯೇ ಹೇಳ್ತು. ಜರ್ಮನಿಯಲ್ಲಿ ಮಾತ್ರ 1912ರಲ್ಲಿ ಪೇಟೆಂಟಿಗೆ ಪೆಟ್ಟು ಬಿತ್ತು. ಯಾಕೆ ಗೊತ್ತೇ? ಅರ್ಜಿಗೆ ಮೊದಲೇ ಗುಟ್ಟನ್ನ ಯಜಮಾನರೂ ಅವರ ಗೆಳೆಯ ಶನೂಟರೂ ಭಾಷಣಗಳಲ್ಲಿ ಬಿಟ್ಟುಕೊಟ್ಟಿದ್ರಂತೆ.

ಕೊನೆಗೆ?

1917ರಲ್ಲಿ ಅಮೆರಿಕಕ್ಕೂ ಯುದ್ಧ ಬಂತು. ವಿಮಾನ ಬೇಕಾಯ್ತು, ಎಲ್ಲರ ಪೇಟೆಂಟೂ ಒಂದೇ ಗಂಟಾಯ್ತು. 1929ರಲ್ಲಿ ಕರ್ಟಿಸ್-ರೈಟ್ ಅಂತ ಒಂದೇ ಕಂಪನಿ ಆಯ್ತು.

ನಿಮಗೆ ರಾಯಲ್ಟಿ?

ಟ್ಯೂಬಿನ ಬೆಲೆಯಲ್ಲೇ ನಾನೂ ಸೇರಿದ್ದೆ ಸ್ವಾಮಿ.