ಮಾವನ ಅಂಬಾಸಡರ್

ಅಳಿಯ: ಮಾವ, ಶೆಡ್ಡಿನಲ್ಲಿರೋ ಅಂಬಾಸಡರನ್ನ ಗುಜರಿಗೆ ಹಾಕಿಬಿಡೋಣ್ವಾ?

ಮಾವ: ಬಿಡ್ತು ಅನ್ನಿ ಅಳಿಯಂದ್ರೇ! ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ವಂಶ ಅದು. 1950ರ ದಶಕದಲ್ಲಿ ಬಂದದ್ದು, 2014ರವರೆಗೂ ಬಂಗಾಳದ ಉತ್ತರಪಾರಾದಲ್ಲಿ ಹೆಚ್ಚುಕಮ್ಮಿ ಅದೇ ಆಕಾರದಲ್ಲಿ ತಯಾರಾಯ್ತು. ಅಂಥ ಸ್ಥಿರತೆ ಯಾವ ಶಾಸಕನಿಗಿದೆ?

ಅಳಿಯ: ಸ್ಥಿರವೇನೋ ಹೌದು. ನಿಂತ ಜಾಗ ಬಿಟ್ಟು ಕದಲಲ್ಲ.

ಮಾವ: ಶಿರಾಡಿ ಘಾಟಿ ಹತ್ತಿಸಿದೀನಿ ಕಣ್ರೀ ಅದರಲ್ಲಿ!

ಅತ್ತೆ: (ಅಡುಗೆಮನೆಯಿಂದ, ಕುಕ್ಕರಿಗಿಂತ ಜೋರಾಗಿ) ನಾವು ತಳ್ಳಿದ್ವಿ ಅನ್ನಿ.

ಮಾವ: ಅದು ಕೆಟ್ಟದ್ದಲ್ಲ. ಇಂಜಿನ್ ಕಾದು ಪೈಪಿನಲ್ಲಿ ಪೆಟ್ರೋಲೇ ಆವಿಯಾದ್ರೆ ಪಾಪ, ಪಂಪು ಎಳೆಯೋದಾದ್ರೂ ಏನನ್ನ? ಒದ್ದೆ ಬಟ್ಟೆ ಸುತ್ತಿ ಸ್ವಲ್ಪ ಹೊತ್ತು ಕೂತ್ರೆ ಆಯ್ತು.

ಅತ್ತೆ: ಯಾವ ಬಟ್ಟೆ ಅಂತಲೂ ಹೇಳಿ! ನಮ್ಮಣ್ಣನ ಮದುವೆಗೆ ಉಡೋಣ ಅಂತಿದ್ದ ನನ್ನ ಧರ್ಮಾವರಂ ಸೀರೆ.

ಮಾವ: (ಕೇಳಿಸದವರಂತೆ) ನಿಮ್ಮ ಕಾರಿನ ಬಾನೆಟ್ ಎತ್ತಿದ್ರೆ ಬರೀ ಪ್ಲಾಸ್ಟಿಕ್ ಮುಚ್ಚಳ. ನಮ್ಮದರಲ್ಲಿ ಪಾಯಿಂಟಿಗೆ ಚೂರು ಎಮರಿ ಕಾಗದ ಉಜ್ಜಿದ್ರೆ ಮುಗೀತು. ಕಬ್ಬಿನಹಾಲು ಮಾರೋನೂ ಬಂದು ಒಳಗೆ ಇಣುಕಿ ಸಲಹೆ ಕೊಡ್ತಿದ್ದ.

ಅಳಿಯ: ನಮ್ಮದು ಕೆಡೋದೇ ಇಲ್ಲ ಮಾವ.

ಮಾವ: ಅದೇ ನೋಡಿ ದೋಷ! ಕೆಡದೇ ಇದ್ರೆ ಊರೂರಲ್ಲಿ ನಾಲ್ಕು ಜನರ ಪರಿಚಯ ಆಗೋದು ಹೇಗೆ? ಸಕಲೇಶಪುರದ ಮೆಕ್ಯಾನಿಕ್ ತನ್ನ ಮಗಳ ಮದುವೆಗೆ ಮನೆತನಕ ಬಂದು ಲಗ್ನಪತ್ರಿಕೆ ಕೊಟ್ಟುಹೋದ.

ಅತ್ತೆ: ಕೊಡದೆ ಏನು? ಛತ್ರದ ಬಾಡಿಗೆಯಿಂದ ಹಿಡಿದು ಹೋಳಿಗೆ ಊಟದವರೆಗೆ ನಮ್ಮ ದುಡ್ಡೇ ತಾನೆ!